ನೀರು ಬೆರೆತ ಆಯಿಲ್ ತೆಳ್ಳಗಾಗುತ್ತಾ, ಮಂದ ಆಗುತ್ತಾ?

ಮೆಷಿನ್ನು, ಇಂಜಿನ್‌ಗೆ ಹಾಕೋ ಆಯಿಲ್‌ಗೆ ನೀರು ಸೇರಿದ್ರೆ ತೆಳ್ಳಗಾಗುತ್ತೆ ಅಂತಾನೇ ತುಂಬಾ ಜನ ಅಂದ್ಕೊಂಡಿರೋದು, ಹಾಗನ್ಸೋದು ಸಹಜ ಬಿಡಿ, ಯಾಕಂದ್ರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 46 ಗ್ರೇಡಿನ ಹೈಡ್ರಾಲಿಕ್ ಆಯಿಲ್‌ನ ವಿಸ್ಕಾಸಿಟಿ (ಅಂದ್ರೆ ಎಷ್ಟು ಮಂದ ಅನ್ನೋ ಅಳತೆ) ಸುಮಾರು 46 ಸೆಂಟಿಸ್ಟೋಕ್ಸ್, ನೀರಿಂದು ಒಂದಕ್ಕಿಂತಲೂ ಕಮ್ಮಿ. ಆದ್ರೆ ಮಿನರಲ್ ಆಯಿಲ್‌ನಲ್ಲಿ (ಕಚ್ಚಾ ತೈಲದಿಂದ ಮಾಡಿದ್ದು) ಸಾಮಾನ್ಯವಾಗಿ ಆಗೋದು ಉಲ್ಟಾ.

ಅದರಲ್ಲಿ ನೀರು ಕರಗೋದೇ ತೀರಾ ಕಮ್ಮಿ. ಮಿಕ್ಕಿದ್ದನ್ನ ಪಂಪು ಗೇರುಗಳು ಕಡೆದು ಕಡೆದು ಸಣ್ಣ ಸಣ್ಣ ಹನಿ ಮಾಡ್ತವೆ, ಆಯಿಲ್‌ನಲ್ಲಿರೋ ಡಿಟರ್ಜೆಂಟ್ ಥರದ ಅಡಿಟಿವ್‌ಗಳು (ಬೆರೆಸಿರೋ ಕೆಮಿಕಲ್‌ಗಳು) ಆ ಹನಿಗಳು ಮತ್ತೆ ಒಂದಾಗದ ಹಾಗೆ ತಡೀತವೆ, ಹಾಗಾಗಿ ಆಯಿಲ್ ಹರೀಬೇಕಂದ್ರೆ ಇಷ್ಟೂ ಹನಿಗಳನ್ನ ಸುತ್ತಿಕೊಂಡೇ ಹೋಗ್ಬೇಕು. ಗಟ್ಟಿ ಗುಂಡುಗಳಿದ್ರೆ ಎಷ್ಟು ಮಂದ ಆಗುತ್ತೆ ಅಂತ ಐನ್‌ಸ್ಟೈನ್ ಲೆಕ್ಕ ಹಾಕಿದ್ರು (ಮೊದಲ ಸಲ ಲೆಕ್ಕ ತಪ್ಪಿತ್ತು, 1911ರಲ್ಲಿ ತಿದ್ದಿದ್ರು, ಅವರಿಗೂ ಆಗುತ್ತೆ!), ಅದರ ಪ್ರಕಾರ ನೂರಕ್ಕೆ 4 ಭಾಗ ಗುಂಡು ಸೇರಿದ್ರೆ ವಿಸ್ಕಾಸಿಟಿ 10 ಪರ್ಸೆಂಟ್ ಏರುತ್ತೆ. ನೀರಿನ ಹನಿ ಅಷ್ಟು ಗಟ್ಟಿ ಅಲ್ಲ, 1932ರಲ್ಲಿ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ಕೊಟ್ಟ ಸೂತ್ರ ಹಾಕಿದ್ರೆ ಅಷ್ಟೇ ನೀರಿಗೆ ಏರಿಕೆ 4 ಪರ್ಸೆಂಟ್ ಹತ್ರ ಬರುತ್ತೆ. ನೀರು ಜಾಸ್ತಿ ಆಗಿ ಹನಿಗಳು ಒತ್ತೊತ್ತಾದ್ರೆ ಈ ಲೆಕ್ಕ ಯಾವುದೂ ನಡೆಯಲ್ಲ, ಕೆನೆ ಥರ ಮಂದ ಆಗಿಬಿಡುತ್ತೆ.

ಮಂದ ಆದ್ರೆ ಒಳ್ಳೇದೇ ಅಲ್ವಾ? ಅಲ್ಲ. ಬೇರಿಂಗ್‌ನಲ್ಲಿ ಉರುಳೆ ಒತ್ತೋ ಜಾಗದಲ್ಲಿ ಪ್ರೆಶರ್ ಗಿಗಾಪಾಸ್ಕಲ್ ಲೆಕ್ಕಕ್ಕೆ (ಒಂದು ಗಿಗಾಪಾಸ್ಕಲ್ ಅಂದ್ರೆ ವಾತಾವರಣದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು) ಹೋಗುತ್ತೆ, ಅಷ್ಟು ಒತ್ತಡಕ್ಕೆ ಆಯಿಲ್‌ನ ವಿಸ್ಕಾಸಿಟಿ ಸಾವಿರಾರು ಪಟ್ಟು ಏರೋದ್ರಿಂದಾನೇ ಲೋಹಕ್ಕೆ ಲೋಹ ತಾಗದೆ ಉಳಿಯೋದು. ನೀರಿಗೆ ಆ ಗುಣ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅಂದ್ರೆ ಲ್ಯಾಬ್‌ನಲ್ಲಿ ಮಂದ ಅಂತ ಕಾಣೋ ಆಯಿಲ್ಲೇ ಭಾರ ಬೀಳೋ ಕಡೆ ಕೈ ಕೊಡಬಹುದು.

ಇದರ ಮೇಲೆ ನೀರಿಂದ ಆಕ್ಸಿಡೇಶನ್ (ಆಕ್ಸಿಜನ್ ಸೇರಿ ಆಯಿಲ್ ಕೆಡೋದು) ಬೇಗ ಆಗಿ ಸ್ಲಡ್ಜ್ ಅನ್ನೋ ಅಂಟು ಗಸಿ ಕಟ್ಟಿದ್ರೆ, ಆಮೇಲೆ ನೀರು ತೆಗೆದ್ರೂ ಆ ಮಂದ ಹೋಗಲ್ಲ. ಪಾಲಿಗ್ಲೈಕಾಲ್ ಅನ್ನೋ ಸಿಂಥೆಟಿಕ್ ಆಯಿಲ್‌ಗಳದ್ದು ಬೇರೆ ಕಥೆ, ಅವುಗಳಲ್ಲಿ ತುಂಬಾ ಬಗೆಗಳು ನೀರನ್ನ ಕರಗಿಸ್ಕೊಂಡು ನಿಜವಾಗ್ಲೂ ತೆಳ್ಳಗಾಗ್ತವೆ.

ನನಗೆ ಜಾಸ್ತಿ ಮೋಸ ಅನ್ಸೋದು ಇಂಜಿನ್ ಆಯಿಲ್ ರಿಪೋರ್ಟ್. ಸೋರಿಬಂದ ಡೀಸೆಲ್ ತೆಳ್ಳಗೆ ಮಾಡುತ್ತೆ, ನೀರು ಮಂದ ಮಾಡುತ್ತೆ, ಎರಡೂ ಸೇರಿದ್ರೆ ವಿಸ್ಕಾಸಿಟಿ ನಾರ್ಮಲ್ ಅಂತಾನೇ ಬರಬಹುದು. ಅದಕ್ಕೇ ನೀರನ್ನ ಬೇರೆಯಾಗೇ ನೋಡ್ಬೇಕು: ಸುಮಾರು 150 ಡಿಗ್ರಿ ಕಾದ ಪ್ಲೇಟ್ ಮೇಲೆ ಒಂದು ಹನಿ ಆಯಿಲ್ ಬಿಟ್ರೆ, ನೀರಿದ್ರೆ ಚಟಪಟ ಅನ್ನುತ್ತೆ, ಎಷ್ಟಿದೆ ಅಂತ ಕರಾರುವಾಕ್ಕಾಗಿ ಗೊತ್ತಾಗ್ಬೇಕಂದ್ರೆ ಲ್ಯಾಬ್‌ನಲ್ಲಿ ಕೆಮಿಕಲ್ ಹಾಕಿ ನೀರನ್ನ ಅಳೆಯೋ ಕಾರ್ಲ್ ಫಿಷರ್ ಟೆಸ್ಟೇ ಆಗ್ಬೇಕು.