ಕೊನೆಯ ಅಂಕಿ 3, ಆದರೂ ಸಮಸಂಖ್ಯೆ

ಏಳರ ಆಧಾರದಲ್ಲಿ, ಅಂದರೆ ಹತ್ತರ ಬದಲು ಏಳರ ಗುಂಪು ಮಾಡಿ ಬರೆಯುವ ಪದ್ಧತಿಯಲ್ಲಿ, ಒಂದು ಸಂಖ್ಯೆಯನ್ನು 13 ಎಂದು ಬರೆದಿದ್ದಾರೆ. ಅದು ಸಮವೋ ಬೆಸವೋ? ಕೊನೆಯಲ್ಲಿ 3 ಇದೆ, ಬೆಸ ಅಂತ ಥಟ್ಟನೆ ಹೇಳಿಬಿಡುತ್ತೇವೆ ಅಲ್ವಾ? ಬಿಡಿಸಿ ನೋಡೋಣ. ಇಲ್ಲಿ ಎಡಗಡೆಯ 1ರ ಸ್ಥಾನಬೆಲೆ ಏಳು. ಒಂದು ಏಳು, ಮೂರು ಬಿಡಿ, ಒಟ್ಟು ಹತ್ತು. ಹತ್ತು ಕಲ್ಲುಗಳನ್ನು ಎರಡು ಸಮ ಪಾಲು ಮಾಡಬಹುದು. ಹಾಗಾಗಿ ಇದು ಸಮಸಂಖ್ಯೆಯೇ.

ಸಮ ಅನ್ನುವುದು ಆ ಹತ್ತು ಕಲ್ಲುಗಳ ಗುಣ. ಹೇಗೆ ಬರೆದರೂ ಅದು ಬದಲಾಗದು. ‘ಕೊನೆಯ ಅಂಕಿ ನೋಡು’ ಅನ್ನುವ ಉಪಾಯ ಮಾತ್ರ ನಮ್ಮ ಬರವಣಿಗೆಗೆ ಸೇರಿದ್ದು. ದಶಮಾನದಲ್ಲಿ ಹತ್ತು, ನೂರು, ಸಾವಿರ ಎಲ್ಲವೂ ಸಮ, ಅದಕ್ಕೇ ಬಿಡಿ ಸ್ಥಾನ ನೋಡಿದರೆ ಸಾಕು. ಏಳರ ಆಧಾರದಲ್ಲಿ ಸ್ಥಾನಬೆಲೆಗಳು 1, 7, 49, 343. ಎಲ್ಲವೂ ಬೆಸ. ಹಾಗಾಗಿ ಅಲ್ಲಿ ಪ್ರತಿ ಅಂಕಿಯೂ ಲೆಕ್ಕಕ್ಕೆ ಬರುತ್ತದೆ. ಅಂಕಿಗಳನ್ನು ಕೂಡಿಸಿ: 1 + 3 = 4, ಸಮ. ಆಧಾರ ಬೆಸವಾಗಿದ್ದರೆ ಯಾವಾಗಲೂ ಹೀಗೇ ಮಾಡಬೇಕು.

ಅಂಕಿ ಕೂಡಿಸುವ ಈ ಉಪಾಯ ನಮಗೆ ಹಳೆಯದೇ. 9ರಿಂದ ಭಾಗವಾಗುತ್ತದೆಯೇ ಎಂದು ನೋಡಲು ಇದನ್ನೇ ಬಳಸುತ್ತೇವೆ. ಅದು ಯಾಕೆ ನಡೆಯುತ್ತದೆ? ಹತ್ತು ಅಂದರೆ 9 + 1, ನೂರು ಅಂದರೆ 99 + 1. ಒಂಬತ್ತರ ಗುಂಪುಗಳನ್ನೆಲ್ಲ ತೆಗೆದರೆ ಪ್ರತಿ ಸ್ಥಾನದಲ್ಲೂ ಅಂಕಿ ಮಾತ್ರ ಉಳಿಯುತ್ತದೆ. ಎಂಟರ ಆಧಾರದಲ್ಲಿ ಈ ಕೆಲಸ ಏಳರದ್ದು: 8 = 7 + 1, 64 = 63 + 1. ಎಂಟರ ಆಧಾರದ 345 ತೆಗೆದುಕೊಳ್ಳಿ. ದಶಮಾನದಲ್ಲಿ ಅದು 192 + 32 + 5, ಅಂದರೆ 229. ಏಳರಿಂದ ಭಾಗಿಸಿದರೆ ಶೇಷ 5. ಅಂಕಿಗಳ ಮೊತ್ತ ಹನ್ನೆರಡು, ಅದರಲ್ಲಿ ಏಳು ಹೋದರೂ 5.

ಇಲ್ಲಿ ಒಂದು ಕಡೆ ಎಡವುವುದು ಸುಲಭ. ಹನ್ನೆರಡು ಬಂತು ಎಂದು ಸುಮ್ನೆ 1 + 2 = 3 ಮಾಡಬೇಡಿ. ಎಂಟರ ಆಧಾರದಲ್ಲಿ ಹನ್ನೆರಡನ್ನು 14 ಎಂದು ಬರೆಯಬೇಕು, 1 + 4 = 5 ಸರಿಯಾಗಿ ಬರುತ್ತದೆ.

ಆಧಾರಕ್ಕಿಂತ ಒಂದು ಕಡಿಮೆಯ ಸಂಖ್ಯೆಗೆ ಮಾತ್ರವಲ್ಲ, ಅದರ ಅಪವರ್ತನಗಳಿಗೂ ಈ ಉಪಾಯ ನಡೆಯುತ್ತದೆ. ದಶಮಾನದಲ್ಲಿ 9 ಮತ್ತು 3. ಹದಿನಾರರ ಆಧಾರದಲ್ಲಿ 15, 5, 3. ಏಳರ ಆಧಾರದಲ್ಲಿ 6, 3, 2. ಮೊದಲು ನೋಡಿದ ಸಮ-ಬೆಸದ ಲೆಕ್ಕ ಈ ಕೊನೆಯ 2ರಿಂದಲೇ ಬಂದದ್ದು!

ನನಗೆ ತುಂಬಾ ಇಷ್ಟವಾದದ್ದು 121. ಮೂರು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲಿ ಓದಿದರೂ ಅದು ಪೂರ್ಣವರ್ಗ. ಮೂರರಲ್ಲಿ 16, ಐದರಲ್ಲಿ 36, ಎಂಟರಲ್ಲಿ 81. 11ನ್ನು 11ರಿಂದ ಗುಣಿಸಿ ನೋಡಿ, ಮುಂದಿನ ಸ್ಥಾನಕ್ಕೆ ಏನೂ ಒಯ್ಯಬೇಕಿಲ್ಲ. ದ್ವಿಮಾನದಲ್ಲಿ, ಅಂದರೆ ಎರಡರ ಆಧಾರದಲ್ಲಿ, 2 ಎಂಬ ಅಂಕಿಯೇ ಇಲ್ಲ, ಹಾಗಾಗಿ ಅದನ್ನು ಬಿಟ್ಟೆವು.

ಎಲ್ಲ ಬರಹಕ್ಕೂ ಇಂಥ ಅದೃಷ್ಟ ಇರುವುದಿಲ್ಲ. 111ನ್ನೇ ನೋಡಿ. ದ್ವಿಮಾನದಲ್ಲಿ ಅದು 7, ಮೂರರಲ್ಲಿ 13, ಎರಡೂ ಅವಿಭಾಜ್ಯ. ನಾಲ್ಕರಲ್ಲಿ 21, ಅಂದರೆ 3 × 7. ಐದರಲ್ಲಿ 31, ಮತ್ತೆ ಅವಿಭಾಜ್ಯ. ದಶಮಾನದಲ್ಲಿ 3 × 37. ಇಲ್ಲಿ ಒಂದೊಂದು ಆಧಾರವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿಯೇ ನೋಡಬೇಕು.