ಕುದುರೆ ಕೆನೆದ ತೊರೆ

ನೆಡೆಗೋಆಪೆಫೆರಿಮಾ. ಚೀನಾದ ಒಂದು ಡೈನೋಸಾರ್ ಹೆಸರಿನ ಉತ್ತರಾರ್ಧವಿದು. ಗ್ರೀಕ್, ಲ್ಯಾಟಿನ್ ನಿಘಂಟು ತಿರುವಿ ಹಾಕಿದರೂ ಅರ್ಥ ಸಿಗದು, ಚೀನೀ ಭಾಷೆಯಲ್ಲಂತೂ ಇಲ್ಲವೇ ಇಲ್ಲ. ಜಾಡು ಹಿಡಿದು ಹೊರಟರೆ ತಲುಪುವುದು ಹಾಲಿವುಡ್ಡಿಗೆ!

1974ರಲ್ಲಿ ವಾಯವ್ಯ ಚೀನಾದ ಷಿನ್‌ಜಿಯಾಂಗ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿದ್ಯಾರ್ಥಿಗಳಿಗೆ ತಿಯಾನ್‌ಚಿ ಸರೋವರದ ಸೀಮೆಯಲ್ಲಿ ಪಳೆಯುಳಿಕೆ ಸಿಕ್ಕಿತು. ಮೈಮೇಲೆ ಮೂಳೆಬಿಲ್ಲೆಗಳ ಕವಚ ಹೊತ್ತಿದ್ದ ಪ್ರಾಣಿ. ಅಧ್ಯಯನ ಮಾಡಿದ ಪಳೆಯುಳಿಕೆ ತಜ್ಞ ದೊಂಗ್ ಝಿಮಿಂಗ್ ಅದನ್ನು ಮೊದಮೊದಲು ಜುರಾಸೊಸಾರಸ್ ಎನ್ನುತ್ತಿದ್ದರು. 1993ರಲ್ಲಿ ವಿಧಿವತ್ತಾಗಿ ಇಟ್ಟ ಹೆಸರು ತಿಯಾನ್‌ಚಿಸಾರಸ್ ನೆಡೆಗೋಆಪೆಫೆರಿಮಾ. 'ಜುರಾಸಿಕ್ ಪಾರ್ಕ್' ನಿರ್ದೇಶಕ ಸ್ಪೀಲ್‌ಬರ್ಗ್ ಚೀನಾದ ಡೈನೋಸಾರ್ ಸಂಶೋಧನೆಗೆ ಹಣ ಕೊಟ್ಟಿದ್ದರು. ಈ ಬಾಲಂಗೋಚಿ ಅವರದೇ ಸಲಹೆ. ನೀಲ್, ಡರ್ನ್, ಗೋಲ್ಡ್‌ಬ್ಲಮ್, ಅಟೆನ್‌ಬರೋ, ಪೆಕ್, ಫೆರೆರೋ, ರಿಚರ್ಡ್ಸ್, ಮಝೆಲ್ಲೋ: ಆ ಚಿತ್ರದ ನಟನಟಿಯರ ಕುಲನಾಮಗಳ ಇಂಗ್ಲಿಷ್ ಕಾಗುಣಿತದ ಮೊದಲಕ್ಷರಗಳನ್ನು ಪೋಣಿಸಿದ್ದಾರೆ. ಮಕ್ಕಳ ಹೆಸರಿನ ತುಂಡು ಕೂಡಿಸಿ ಮನೆಗೆ ಹೆಸರಿಡುತ್ತಾರಲ್ಲ, ಹಾಗೆ.

ಜುರಾಸೊಸಾರಸ್ ಮಾತ್ರ ಪಟ್ಟಿಗಳಲ್ಲಿ ದೆವ್ವದಂತೆ ಉಳಿಯಿತು. ಪ್ರಾಣಿಯ ಶಾಸ್ತ್ರೀಯ ವರ್ಣನೆಯಿಲ್ಲದೆ ಅಚ್ಚಾದ ಹೆಸರಿಗೆ ಜೀವಶಾಸ್ತ್ರದಲ್ಲಿ ಮಾನ್ಯತೆಯಿಲ್ಲ. ಅಂಥದ್ದನ್ನು 'ಬೆತ್ತಲೆ ಹೆಸರು' ಎನ್ನುತ್ತಾರೆ. ಗೊತ್ತಿಲ್ಲದವರು ಇವೆರಡು ಬೇರೆಬೇರೆ ಪ್ರಾಣಿ ಎಂದೇ ಎಣಿಸಿಕೊಳ್ಳುತ್ತಾರೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಮಾಮೆನ್‌ಚಿಸಾರಸ್ ಎಂಬ ಇನ್ನೊಂದು ಡೈನೋಸಾರ್ ಕತೆ. 1952ರಲ್ಲಿ ಸಿಚುವಾನ್ ಪ್ರಾಂತ್ಯದ ಯೀಬಿನ್ ಬಳಿ, ದೋಣಿ ದಾಟುವ ಜಾಗವೊಂದರಲ್ಲಿ ರಸ್ತೆ ಕಾಮಗಾರಿ ನಡೆದಾಗ ಮೂಳೆಗಳು ಕಂಡವು. ಎರಡು ವರ್ಷದ ಬಳಿಕ ಹೆಸರಿಟ್ಟವರು ಪಳೆಯುಳಿಕೆ ತಜ್ಞ ಯಾಂಗ್ ಝೊಂಗ್‌ಜಿಯಾನ್. (ಇಂಗ್ಲಿಷ್ ಪ್ರಬಂಧಗಳಲ್ಲಿ ಸಿ.ಸಿ. ಯಂಗ್ ಎಂದು ಕಾಣಿಸುವವರೂ ಇವರೇ. ಹುಡುಕುವವರಿಗೆ ಇದೊಂದು ಬೇರೆ ತಲೆನೋವು.) ಮೂಳೆ ಸಿಕ್ಕ ಜಾಗದ ಹೆಸರನ್ನೇ ಪ್ರಾಣಿಗೆ ಇಟ್ಟರು. ಆ ಜಾಗ ಮಾಮಿಂಗ್‌ಷಿ, ಅಂದರೆ ಕುದುರೆ ಕೆನೆದ ತೊರೆ. ಯಾಂಗ್ ಷಾನ್‌ಷಿ ಪ್ರಾಂತ್ಯದವರು. ಅವರ ಉಚ್ಚಾರಣೆಯಲ್ಲಿ ಅದು ಕೇಳಿದವರ ಕಿವಿಗೆ ಮಾಮೆನ್‌ಷಿ ಎಂದು ಬಿತ್ತು. ಕೆನೆತ ಹೋಗಿ ಬಾಗಿಲು ಬಂತು: ಕುದುರೆ ಬಾಗಿಲ ತೊರೆ! ಅಂಥ ಜಾಗವನ್ನು ಭೂಪಟದಲ್ಲಿ ಹುಡುಕಿದರೆ ಎಲ್ಲಿ ಸಿಕ್ಕೀತು?

ತಿದ್ದಬಹುದಿತ್ತಲ್ಲ ಎನ್ನಬೇಡಿ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ನಿಯಮದಲ್ಲಿ ಇಂಥ ಲಿಪ್ಯಂತರದ ತಪ್ಪಿಗೆ ತಿದ್ದುಪಡಿಯಿಲ್ಲ. ಮೊದಲು ಅಚ್ಚಾದದ್ದೇ ಕಾಯಂ. ಹಾಗಾಗಿ ದೂರದ ಷಿನ್‌ಜಿಯಾಂಗ್‌ನಲ್ಲಿ 1987ರಲ್ಲಿ ಸಿಕ್ಕ ಇದರ ಬಳಗದ ಪ್ರಾಣಿ, 2023ರ ಅಧ್ಯಯನದ ಅಂದಾಜಿನಂತೆ ಸುಮಾರು 15 ಮೀಟರ್ ಉದ್ದದ ಕತ್ತಿನ ಆ ದೈತ್ಯವೂ, ಮಾಮೆನ್‌ಚಿಸಾರಸ್ಸೇ.