ಗಡಿಯಾರ ತಪ್ಪಿದ್ದರೂ ಲೆಕ್ಕ ತಪ್ಪದು

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನ ನಾಪೋಕ್ಲಿನ ಚಿಕ್ಕಮ್ಮನ ಮನೆಯಲ್ಲಿ ಫೋನಿನ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. "ಮಳೆ ಅಲ್ವಾ ಮಗ, ನೆಟ್ ಹೀಗೇ" ಎನ್ನುತ್ತಾರೆ ಅವರು. ಊರೆಲ್ಲ ಹೇಳುವುದೂ ಅದನ್ನೇ. ಆದರೆ ಮನೆಗೆ ಬಂದಿರುವುದು ಫೈಬರ್. ಗಾಜಿನ ಎಳೆಯೊಳಗೆ ಹರಿಯುವ ಬೆಳಕಿಗೆ ಹೊರಗಿನ ಮಳೆ ತಾಗುವುದೇ ಇಲ್ಲ. ಸಿಲ್ವರ್ ಓಕ್ ಕೊಂಬೆ ಬಿದ್ದು ಎಳೆ ತುಂಡಾದರೆ ನೆಟ್ ಪೂರ್ತಿ ನಿಲ್ಲುತ್ತದೆ, ಮಾತು ಅರ್ಧರ್ಧ ಕೇಳಿಸುವುದಿಲ್ಲ.

ಸ್ಪೀಡ್ ಟೆಸ್ಟ್ ಮಾಡಿದರೆ 40 ಎಂಬಿಪಿಎಸ್. ಮಾತಿಗೆ 0.1 ಇದ್ದರೂ ಸಾಕು! ವೇಗವನ್ನೇ ಎಲ್ಲದಕ್ಕೂ ಅಳತೆಗೋಲು ಮಾಡಿಕೊಂಡಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ದನಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ಟಿನಂತೆ, ಸೆಕೆಂಡಿಗೆ 50 ತುಣುಕುಗಳಾಗಿ ಹೊರಡುತ್ತದೆ. ಅವು ಅದೇ ಅಂತರದಲ್ಲಿ ತಲುಪಬೇಕು, ನಡುವೆ ಕಳೆದುಹೋಗಬಾರದು. ತಲುಪುವ ಹೊತ್ತು ಹಿಂದೆಮುಂದೆ ಆಗುವುದಕ್ಕೆ ಜಿಟ್ಟರ್ ಎನ್ನುತ್ತಾರೆ. ತೀರಾ ತಡವಾಗಿ ಬಂದ ತುಣುಕು ಬಂದೂ ಪ್ರಯೋಜನವಿಲ್ಲ. ಆ ಮಾತಿನ ಹೊತ್ತು ಮುಗಿದಿರುತ್ತದೆ.

1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಂ ನೆಟ್ ಪರೀಕ್ಷಿಸುವ ನಮಗೆ ಇಂದಿಗೂ ಮೊದಲ ಸಾಧನ. ಜಲಾಂತರ್ಗಾಮಿಯ ಸೋನಾರ್ ಸದ್ದಿನಿಂದ ಬಂದ ಹೆಸರು ಅದು. ಕೂಗು ಹಾಕಿ ಮಾರ್ದನಿಗೆ ಕಾಯುವ ಹಾಗೆ, ಹೋಗಿಬರುವ ಹೊತ್ತನ್ನು ಒಂದೇ ಗಡಿಯಾರದಲ್ಲಿ ಅಳೆಯುತ್ತದೆ. ತಡವಾದದ್ದು ಹೋಗುವಾಗಲೋ ಬರುವಾಗಲೋ ಎಂದು ಮಾತ್ರ ಹೇಳಲಾರದು.

ಒಂದೇ ದಿಕ್ಕಿನ ಹೊತ್ತು ಅಳೆಯಲು ಎರಡು ಗಡಿಯಾರ ಬೇಕು. ಅವೆರಡೂ ಒಂದೇ ಹೊತ್ತು ತೋರಿಸುತ್ತವೆ ಎಂದು ನಂಬುವುದು ಹೇಗೆ? ಜಿಟ್ಟರಿನ ಮಟ್ಟಿಗೆ ನಂಬುವ ಅಗತ್ಯವೇ ಇಲ್ಲ. ಮಡಿಕೇರಿಯಿಂದ ಎಂಟಕ್ಕೆ, ಎಂಟೂವರೆಗೆ, ಒಂಬತ್ತಕ್ಕೆ ಬಸ್ಸುಗಳು ಹೊರಟವು ಎಂದಿಟ್ಟುಕೊಳ್ಳಿ. ಭಾಗಮಂಡಲದ ಅಂಗಡಿಯ ಗಡಿಯಾರ ಎಷ್ಟು ಮುಂದಿದೆಯೋ ಯಾರಿಗೂ ತಿಳಿಯದು. ಅದರಲ್ಲಿ ಬಸ್ಸುಗಳು ಮುಟ್ಟಿದ್ದು 9.20, 9.50, 10.27ಕ್ಕೆ. ಹೊರಟ ಅಂತರ 30 ನಿಮಿಷ, ತಲುಪಿದ ಅಂತರ 30 ಮತ್ತು 37. ಮೂರನೆಯ ಬಸ್ಸು ಎರಡನೆಯದಕ್ಕಿಂತ 7 ನಿಮಿಷ ಹೆಚ್ಚು ಹಿಡಿದಿದೆ. ಗಡಿಯಾರ ಹತ್ತು ನಿಮಿಷ ಮುಂದಿರಲಿ, ಹತ್ತು ವರ್ಷ ಹಿಂದಿರಲಿ, ಒಂದು ಹೊತ್ತಿನಿಂದ ಇನ್ನೊಂದನ್ನು ಕಳೆದಾಗ ಆ ತಪ್ಪು ಎರಡೂ ಕಡೆಯಿಂದ ಹಾರಿಹೋಗುತ್ತದೆ. ಗಡಿಯಾರದ ಓಟವೇ 10 ಲಕ್ಷಕ್ಕೆ 50 ಪಾಲು ಹೆಚ್ಚಿದ್ದರೂ 20 ಮಿಲಿಸೆಕೆಂಡಿನಲ್ಲಿ ಬರುವ ವ್ಯತ್ಯಾಸ 1 ಮೈಕ್ರೋಸೆಕೆಂಡ್. ಎಷ್ಟು ಚಂದದ ಉಪಾಯ!

ನೆಟ್ಟಿನಲ್ಲಿ ದನಿ, ವಿಡಿಯೊ ಸಾಗಿಸಲು 1996ರಲ್ಲಿ ಪ್ರಕಟವಾದ ಆರ್‌ಟಿಪಿ ನಿಯಮ ಇದನ್ನೇ ಮುಂದುವರಿಸುತ್ತದೆ: ಒಟ್ಟು 16 ಪಾಲಿನಲ್ಲಿ 15 ಪಾಲು ಹಳೆಯ ಲೆಕ್ಕ, 1 ಪಾಲು ಹೊಸ ವ್ಯತ್ಯಾಸ, ಹಳೇ ಮಜ್ಜಿಗೆಗೆ ಒಂದು ಲೋಟ ಹೊಸದು ಬೆರೆಸಿದಂತೆ. ಜಿಟ್ಟರ್ 2 ಇದ್ದಾಗ 34 ಮಿಲಿಸೆಕೆಂಡಿನ ಏರುಪೇರು ಬಂದರೆ ಹೊಸ ಲೆಕ್ಕ 4. ಒಂದು ಎಡವಟ್ಟಿಗೆ ಲೆಕ್ಕ ಗಾಬರಿಯಾಗುವುದಿಲ್ಲ, ಎಡವಟ್ಟು ಮುಂದುವರಿದರೆ ಏರುತ್ತದೆ. ಕಳೆದುಹೋದ ತುಣುಕುಗಳನ್ನು ಹಿಡಿಯುವುದು ಸುಲಭ, ಕಾಫಿ ಮೂಟೆಗೆ ನಂಬರ್ ಬರೆದಂತೆ: 102ರ ಮೇಲೆ 104 ಬಂದು, ಎಷ್ಟು ಕಾದರೂ 103 ಬಾರದಿದ್ದರೆ ಅದು ನಷ್ಟ.

ಚಿಕ್ಕಮ್ಮನ ಮನೆಯ ಲ್ಯಾಪ್‌ಟಾಪಿನಿಂದ ಮೈಸೂರಿನ ಗೆಳೆಯನ ಕಂಪ್ಯೂಟರಿಗೆ ಐಪರ್ಫ್ ಎಂಬ ಅಳತೆಯ ಪ್ರೋಗ್ರಾಂನಲ್ಲಿ ಯುಡಿಪಿ ಪ್ಯಾಕೆಟ್, ಎಂದರೆ ಕಳೆದುಹೋದರೆ ಮತ್ತೆ ಕಳಿಸದ ಬಗೆಯ ತುಣುಕು, ಕಳಿಸಿ ನೋಡಿದೆ. ಜೋರು ಮಳೆಯಲ್ಲೂ ಜಿಟ್ಟರ್ 2 ಮಿಲಿಸೆಕೆಂಡ್ ಮೀರಲಿಲ್ಲ. ಸಂಜೆ ಆರಕ್ಕೆ ಒಮ್ಮೆಗೇ 30 ದಾಟಿತು, ಪ್ಯಾಕೆಟ್‌ಗಳೂ ಬೀಳತೊಡಗಿದವು. ಒಳಕೋಣೆಯಲ್ಲಿ ನನ್ನ ತಮ್ಮ ಮದುವೆಯ ವಿಡಿಯೊಗಳನ್ನು ಅಪ್‌ಲೋಡ್‌ಗೆ ಹಾಕಿದ್ದ. ರೌಟರಿನ ಬಾಗಿಲಲ್ಲಿ ವಿಡಿಯೊ ಪ್ಯಾಕೆಟ್‌ಗಳ ಸಾಲು ಬೆಳೆದು, ಮಾತಿನ ಪುಟ್ಟ ಪ್ಯಾಕೆಟ್‌ಗಳು ಅದರ ಹಿಂದೆ ಕಾಯುತ್ತಿದ್ದವು. ಸಾಲು ತುಂಬಿದಾಗ ಕೆಲವು ಹೊರಗೇ ಬಿದ್ದವು. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಎಲ್ಲರೂ ಮನೆಯಲ್ಲೇ ಕೂತು ನೆಟ್ ಬಳಸುತ್ತಾರೆ; ಮಳೆಗೆ ಬಂದ ಕೆಟ್ಟ ಹೆಸರು ಹೀಗೆ.

ಸಾಲು ಬೆಳೆಯದಂತೆ ವಿಡಿಯೊ ಅಪ್‌ಲೋಡಿನ ಮಿತಿಯನ್ನು ರೌಟರಿನಲ್ಲಿ ಸ್ವಲ್ಪ ತಗ್ಗಿಸಿದೆ. ಹೆಂಚಿನ ಮೇಲೆ ಮಳೆ ಹೊಡೆಯುತ್ತಲೇ ಇತ್ತು. ಚಿಕ್ಕಮ್ಮ ದುಬೈಯಲ್ಲಿರುವ ಮಗಳ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು; ಒಂದು ಸಲವೂ "ಹಲೋ, ಕೇಳಿಸ್ತಾ?" ಎನ್ನಲಿಲ್ಲ.